ಡೇಟಾಬೇಸ್ ಮಾಡೆಲ್‌ಗಳ ಬೇಸ್ ಕ್ಲಾಸ್ ಊದಿಕೊಂಡಿದೆ, ಎಲ್ಲಿಂದ ಬಿಡಿಸಲಿ?

ಬೇಸ್‌ಮೆಂಟ್:

ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಪೈಥಾನ್, ಎಸ್‌ಕ್ಯೂಎಲ್‌ಆಲ್ಕೆಮಿ 2.0 (ಪೈಥಾನ್ ಕ್ಲಾಸ್‌ಗಳನ್ನು ಟೇಬಲ್‌ಗಳಿಗೆ ಜೋಡಿಸುವ ಲೈಬ್ರರಿ), ಕೆಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ನಮ್ಮ ಮಾಡೆಲ್‌ಗಳೆಲ್ಲ (ಒಂದೊಂದು ಟೇಬಲ್‌ಗೆ ಒಂದೊಂದು ಕ್ಲಾಸ್) ಬೇಸ್‌ಮಾಡೆಲ್ ಅನ್ನುವ ಒಂದೇ ಕ್ಲಾಸ್‌ನಿಂದ ಬರುತ್ತವೆ. ಮೊದಲು ಅದರಲ್ಲಿ ಇದ್ದದ್ದು ಐಡಿ, ಕ್ರಿಯೇಟೆಡ್_ಅಟ್, ಅಪ್‌ಡೇಟೆಡ್_ಅಟ್, ಅಷ್ಟೇ. ಆಮೇಲೆ ಸಾಫ್ಟ್ ಡಿಲೀಟ್ (ಸಾಲನ್ನು ಅಳಿಸದೆ ಅಳಿಸಿದ ಗುರುತು ಮಾತ್ರ ಹಾಕುವುದು) ಬೇಕಾಯಿತು, ಡಿಲೀಟೆಡ್_ಅಟ್ ಸೇರಿತು. ಒಂದೇ ಡೇಟಾಬೇಸ್‌ನಲ್ಲಿ ಹಲವು ಗ್ರಾಹಕರ ಡೇಟಾ ಇಡಬೇಕಾಯಿತು, ಟೆನೆಂಟ್_ಐಡಿ ಸೇರಿತು. ಏನೇನು ಬದಲಾಯಿತು ಅಂತ ಬರೆದಿಡುವ ಆಡಿಟ್ ಲಾಗ್ ಬಂತು, ವ್ಯಾಲಿಡೇಟ್ ಬಂತು, ಜೇಸನ್‌ಗೆ ಅಂತ ಟು_ಡಿಕ್ಟ್ ಬಂತು. ಇದರಲ್ಲಿ ಮುಕ್ಕಾಲು ಪಾಲು ಕೆಲಸ ಸೇವ್() ಮೆಥಡ್ ಒಳಗೆ ಒಂದರ ಹಿಂದೆ ಒಂದು ಸಾಲಾಗಿ ನಿಂತಿದೆ.

ಈಗಿನ ತಾಪತ್ರಯ ಏನೆಂದರೆ, ದೇಶಗಳ ಪಟ್ಟಿ, ಕರೆನ್ಸಿ ಪಟ್ಟಿಯಂಥ ಲುಕಪ್ ಟೇಬಲ್‌ಗಳಿಗೂ ಟೆನೆಂಟ್_ಐಡಿ ಅಂಟಿಕೊಳ್ಳುತ್ತದೆ. ಬೇಡ ಅಂದರೆ ಸಬ್‌ಕ್ಲಾಸ್‌ನಲ್ಲಿ ನೋ_ಟೆನೆಂಟ್ = ಟ್ರೂ ಅಂತ ಬರೆಯಬೇಕು. ಸ್ಕಿಪ್_ಆಡಿಟ್ ಅಂತ ಇನ್ನೊಂದು. ಬೇರೆ ತಂಡದವರು ತಮ್ಮ ಮಾಡೆಲ್‌ನಲ್ಲಿ ಸೇವ್() ಓವರ್‌ರೈಡ್ ಮಾಡಿ ಸೂಪರ್ (ಬೇಸ್‌ನ ಮೂಲ ಮೆಥಡ್) ಕರೆಯುವುದನ್ನು ಬಿಟ್ಟರೆ ಆ ಟೇಬಲ್‌ನ ಆಡಿಟ್ ಸದ್ದಿಲ್ಲದೆ ನಿಂತುಹೋಗುತ್ತದೆ, ಯಾವ ಎರರ್ರೂ ಬರುವುದಿಲ್ಲ.

ಕೇಳಬೇಕಾದದ್ದು ಮೂರು ವಿಷಯ. ಬೇಸ್ ಕ್ಲಾಸ್ ಒಳಗೆ ನಿಜವಾಗಿ ಏನಿರಬೇಕು? ಬೇರೆ ತಂಡದವರು ತಮ್ಮ ಲಾಜಿಕ್ ಸೇರಿಸಲು ಹುಕ್ ಕೊಡುವುದಾದರೆ ಯಾವ ರೂಪದಲ್ಲಿ ಕೊಡಬೇಕು? ಮತ್ತೆ ಪೇಮೆಂಟ್ ಅನ್ನುವ ಮಾಡೆಲ್ ಕೆಳಗೆ ಕಾರ್ಡ್, ಬ್ಯಾಂಕ್ ವರ್ಗಾವಣೆ, ನಗದು ಅಂತ ಬೇರೆ ಬೇರೆ ಸಬ್‌ಕ್ಲಾಸ್ ಮಾಡಬೇಕಿದೆ, ಅದಕ್ಕೂ ಇದೇ ಬೇಸ್ ಕ್ಲಾಸ್ ದಾರಿ ಸರಿಯೇ?

---

ಸಾಲುಕಂಬ:

ನೋ_ಟೆನೆಂಟ್ = ಟ್ರೂ ಅನ್ನುವ ಸಾಲಿನಲ್ಲೇ ಅರ್ಧ ಉತ್ತರ ಇದೆ. ಬೇಸ್ ಕ್ಲಾಸ್ ಕೊಟ್ಟಿದ್ದನ್ನು ಸಬ್‌ಕ್ಲಾಸ್ "ನನಗೆ ಬೇಡ" ಅಂತ ವಾಪಸ್ ಕೊಡಬೇಕಾಗಿ ಬಂದರೆ ಅದು ಬೇಸ್‌ನಲ್ಲಿ ಇರಬಾರದಿತ್ತು. ನಾನು ನೋಡುವ ಕ್ರಮ ಇಷ್ಟೇ: ನಾಳೆ ಯಾರೋ ಹೊಸ ಟೇಬಲ್ ತರುತ್ತಾರೆ, ಎಂಥ ಟೇಬಲ್ ಅಂತ ನಮಗೆ ಗೊತ್ತಿಲ್ಲ. ಆಗಲೂ ಅದಕ್ಕೆ ಬೇಕೇ ಬೇಕಾದದ್ದು ಮಾತ್ರ ಬೇಸ್‌ಗೆ.

ಈ ಜರಡಿ ಹಿಡಿದರೆ ಬಹಳ ಕಡಿಮೆ ಉಳಿಯುತ್ತದೆ. ಐಡಿ ಕೂಡ ಉಳಿಯುವುದಿಲ್ಲ, ಯಾಕೆಂದರೆ ಎರಡು ಟೇಬಲ್ ಜೋಡಿಸುವ ನಡುವಿನ ಟೇಬಲ್‌ಗೆ ಎರಡು ಕಾಲಂ ಸೇರಿಸಿದ ಪ್ರೈಮರಿ ಕೀ ಸಾಕು. ಉಳಿಯುವುದು ಕಟ್ಟುಪಾಡುಗಳು. ಎಸ್‌ಕ್ಯೂಎಲ್‌ಆಲ್ಕೆಮಿ 2.0ರಲ್ಲಿ ಡಿಕ್ಲರೇಟಿವ್‌ಬೇಸ್‌ನಿಂದ ನಿಮ್ಮ ಬೇಸ್ ಬರೆಯುವಾಗ ಎರಡು ವಿಷಯ ಅಲ್ಲಿ ಇಡಬಹುದು. ಒಂದು, ಮೆಟಾಡೇಟಾದ ನೇಮಿಂಗ್ ಕನ್ವೆನ್ಷನ್: ಇಂಡೆಕ್ಸ್, ಫಾರಿನ್ ಕೀ, ಯೂನೀಕ್ ಕನ್‌ಸ್ಟ್ರೈಂಟ್‌ಗಳಿಗೆ ಹೆಸರು ಹೇಗೆ ಹುಟ್ಟಬೇಕು ಅನ್ನುವುದು. ಇದು ಇಲ್ಲದಿದ್ದರೆ ಮುಂದೆ ಮೈಗ್ರೇಷನ್‌ನಲ್ಲಿ (ಟೇಬಲ್‌ಗಳ ರಚನೆ ಬದಲಿಸುವಾಗ) ಒಂದು ಕನ್‌ಸ್ಟ್ರೈಂಟ್ ತೆಗೆಯಬೇಕಾದಾಗ ಅದರ ಹೆಸರು ಹುಡುಕುತ್ತಾ ಕೂರಬೇಕು. ಇನ್ನೊಂದು, ಟೈಪ್ ಆನೊಟೇಷನ್ ಮ್ಯಾಪ್: ಪೈಥಾನ್‌ನ ಡೇಟ್‌ಟೈಮ್ ಅಂದರೆ ಟೈಮ್‌ಝೋನ್ ಇರುವ ಕಾಲಂ, ಡೆಸಿಮಲ್ ಅಂದರೆ ಇಷ್ಟು ಅಂಕಿಯ ನ್ಯೂಮರಿಕ್, ಹೀಗೆ. ಇವು ಎಲ್ಲ ಟೇಬಲ್‌ಗೂ ನಿಜ. ಯಾರೂ ಬೇಡ ಅನ್ನುವುದಿಲ್ಲ.

ಮಿಕ್ಕದ್ದೆಲ್ಲ ಮಿಕ್ಸಿನ್, ಅಂದರೆ ಬೇಕಾದ ಮಾಡೆಲ್‌ಗೆ ಮಾತ್ರ ಸೇರಿಸಿಕೊಳ್ಳುವ ಚಿಕ್ಕ ಕ್ಲಾಸ್‌ಗಳು. ಆಗ ಮಾಡೆಲ್‌ನ ಮೊದಲ ಸಾಲು ಹೀಗಿರುತ್ತದೆ:

ಕ್ಲಾಸ್ ಆರ್ಡರ್(ಟೆನೆಂಟೆಡ್, ಟೈಮ್‌ಸ್ಟ್ಯಾಂಪ್ಡ್, ಸಾಫ್ಟ್‌ಡಿಲೀಟ್, ಬೇಸ್)
ಕ್ಲಾಸ್ ಕರೆನ್ಸಿ(ಬೇಸ್)

ಓದಿದವರಿಗೆ ಯಾವ ಟೇಬಲ್‌ಗೆ ಏನಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಒಂದು ಎಚ್ಚರ: ಮಿಕ್ಸಿನ್‌ನಲ್ಲಿ ಸಾದಾ ಕಾಲಂ ನೇರ ಬರೆಯಬಹುದು, ಎಸ್‌ಕ್ಯೂಎಲ್‌ಆಲ್ಕೆಮಿ ಪ್ರತಿ ಸಬ್‌ಕ್ಲಾಸ್‌ಗೂ ಅದರ ನಕಲು ಮಾಡಿಕೊಡುತ್ತದೆ. ಆದರೆ ರಿಲೇಷನ್‌ಶಿಪ್ ಬರೆಯುವುದಾದರೆ ಡಿಕ್ಲೇರ್ಡ್_ಆಟ್ರ್ ಹಾಕಿದ ಮೆಥಡ್ ಒಳಗೇ ಬರೆಯಬೇಕು. ಒಂದೇ ರಿಲೇಷನ್‌ಶಿಪ್ ಆಬ್ಜೆಕ್ಟ್ ಅನ್ನು ಹತ್ತು ಕ್ಲಾಸ್‌ಗಳು ಹಂಚಿಕೊಳ್ಳಲು ಆಗುವುದಿಲ್ಲ. ಮೆಥಡ್ ಆದರೆ ಪ್ರತಿ ಕ್ಲಾಸ್‌ಗೂ ಬೇರೆ ಬೇರೆಯಾಗಿ ಓಡಿ ಹೊಸದೊಂದು ಕೊಡುತ್ತದೆ.

ಇನ್ನು ಸೇವ್() ವಿಷಯ. ಇದರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸೆಷನ್ (ಆಬ್ಜೆಕ್ಟ್‌ಗಳ ಬದಲಾವಣೆ ಗಮನಿಸಿ ಡೇಟಾಬೇಸ್‌ಗೆ ಕಳಿಸುವ ಭಾಗ) ಇರುವ ಕಡೆ ಸೇವ್() ಅನ್ನುವುದು ಬರೀ ತೋರಿಕೆ. ಒಂದು ಆರ್ಡರ್ ಅನ್ನು ಕ್ವೆರಿ ಮಾಡಿ ತಂದು, ಅದರ ಸ್ಟೇಟಸ್ ಬದಲಿಸಿ, ಸೆಷನ್ ಕಮಿಟ್ ಮಾಡಿದರೆ ಅಪ್‌ಡೇಟ್ ಹೋಗಿಬಿಡುತ್ತದೆ. ಸೇವ್() ಯಾರೂ ಕರೆಯಲೇ ಇಲ್ಲ. ಆರ್ಡರ್‌ಗೆ ಒಂದು ಐಟಂ ಅಪೆಂಡ್ ಮಾಡಿದರೆ ಕ್ಯಾಸ್ಕೇಡ್‌ನಿಂದ ಆ ಐಟಂ ಕೂಡ ಇನ್ಸರ್ಟ್ ಆಗುತ್ತದೆ. ಅಲ್ಲೂ ಸೇವ್() ಇಲ್ಲ. ಆಡಿಟ್ ಅನ್ನು ಸೇವ್() ಒಳಗೆ ಇಟ್ಟಿರುವುದು ಮುಂದಿನ ಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಯಾರೋ ಸೂಪರ್ ಮರೆತರು ಅನ್ನುವುದು ಆಮೇಲಿನ ಮಾತು.

ಆಡಿಟ್ ಇರಬೇಕಾದ ಜಾಗ ಸೆಷನ್‌ನ ಬಿಫೋರ್_ಫ್ಲಶ್ ಈವೆಂಟ್, ಅಂದರೆ ಬದಲಾವಣೆಗಳು ಡೇಟಾಬೇಸ್‌ಗೆ ಹೋಗುವ ಮುಂಚಿನ ಕ್ಷಣ. ಅಲ್ಲಿ ಸೆಷನ್.ನ್ಯೂ, ಸೆಷನ್.ಡರ್ಟಿ, ಸೆಷನ್.ಡಿಲೀಟೆಡ್ (ಹೊಸವು, ಮುಟ್ಟಿದವು, ಅಳಿಸಿದವು) ಮೂರೂ ಸಿಗುತ್ತವೆ. ಆಡಿಟೆಡ್ ಅನ್ನುವ ಮಿಕ್ಸಿನ್‌ನಲ್ಲಿ ಕೋಡ್ ಏನೂ ಬೇಡ, ಅದು ಬರೀ ಗುರುತು. ಆ ಈವೆಂಟ್ ಬಂದಾಗ ಓಡುವ ಲಿಸನರ್ "ಈ ಆಬ್ಜೆಕ್ಟ್ ಆಡಿಟೆಡ್ ತಾನೇ?" ಅಂತ ನೋಡಿ ಲಾಗ್ ಬರೆಯುತ್ತದೆ. ಇಲ್ಲೊಂದು ಸಣ್ಣ ಮುಳ್ಳು: ಡರ್ಟಿ ಪಟ್ಟಿಯಲ್ಲಿ ನಿಜವಾಗಿ ಬದಲಾಗದ ಆಬ್ಜೆಕ್ಟ್‌ಗಳೂ ಇರುತ್ತವೆ. ಸ್ಟೇಟಸ್‌ಗೆ ಇದ್ದ ಬೆಲೆಯನ್ನೇ ಮತ್ತೆ ಕೊಟ್ಟರೂ ಅದು ಡರ್ಟಿ. ಅದಕ್ಕೆ ಈಸ್_ಮಾಡಿಫೈಡ್ ಕರೆದು ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಆಡಿಟ್ ಟೇಬಲ್ ತುಂಬ "ಏನೂ ಬದಲಾಗಿಲ್ಲ" ಅನ್ನುವ ಸಾಲುಗಳೇ.

---

ನಲ್‌ಪಾಯಿಂಟರ್:

ಸಾಲುಕಂಬ ಹೇಳಿದ್ದು ಎಸ್‌ಕ್ಯೂಎಲ್‌ಆಲ್ಕೆಮಿಗೆ ಸರಿ, ಆದರೆ ಎಲ್ಲ ಕಡೆ ಇಷ್ಟು ಬಿಡಿಸುವ ಅಗತ್ಯ ಇಲ್ಲ ಅಂತ ನನ್ನ ಅನಿಸಿಕೆ. ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2002ರಲ್ಲೇ ಈ ಎರಡು ಬಗೆಯನ್ನು ಬೇರೆ ಮಾಡಿ ಆ್ಯಕ್ಟಿವ್ ರೆಕಾರ್ಡ್, ಡೇಟಾ ಮ್ಯಾಪರ್ ಅಂತ ಕರೆದಿದ್ದಾರೆ. ಜ್ಯಾಂಗೋ, ರೇಲ್ಸ್ ಅನ್ನುವ ವೆಬ್ ಫ್ರೇಮ್‌ವರ್ಕ್‌ಗಳು ಮೊದಲನೇ ಬಗೆ, ಎಸ್‌ಕ್ಯೂಎಲ್‌ಆಲ್ಕೆಮಿ ಎರಡನೇದು. ಮೊದಲನೆಯದರಲ್ಲಿ ಆಬ್ಜೆಕ್ಟ್ ತನ್ನನ್ನು ತಾನೇ ಸೇವ್ ಮಾಡಿಕೊಳ್ಳುತ್ತದೆ, ಸೇವ್() ಅಲ್ಲಿ ನಿಜವಾದ ಬಾಗಿಲು. ರೇಲ್ಸ್ 5ರಿಂದ ಹೊಸ ಪ್ರಾಜೆಕ್ಟ್‌ಗಳಲ್ಲಿ ಅಪ್ಲಿಕೇಷನ್‌ರೆಕಾರ್ಡ್ ಅನ್ನುವ ಬೇಸ್ ಕ್ಲಾಸ್ ತಾನೇ ಬರುತ್ತದೆ, ನಿಮ್ಮದನ್ನು ಹಾಕಿಕೊಳ್ಳಲಿ ಅಂತಲೇ.

ಮಿಕ್ಸಿನ್ ಜಾಸ್ತಿ ಆದರೆ ಅದೂ ತಲೆನೋವೇ. ಆರು ಮಿಕ್ಸಿನ್ ಸಾಲಾಗಿ ಬರೆದ ಕ್ಲಾಸ್‌ನಲ್ಲಿ ಯಾವ ಮೆಥಡ್ ಎಲ್ಲಿಂದ ಬಂತು ಅಂತ ಹುಡುಕಿ ನೋಡಿ. ಪೈಥಾನ್ ಎಡದಿಂದ ಬಲಕ್ಕೆ ಹುಡುಕುತ್ತದೆ. ಮಿಕ್ಸಿನ್ ಅನ್ನು ಬೇಸ್‌ನ ಬಲಕ್ಕೆ ಬರೆದರೆ, ಬೇಸ್‌ನಲ್ಲಿ ಅದೇ ಹೆಸರಿನ ಮೆಥಡ್ ಇದ್ದರೆ ಮಿಕ್ಸಿನ್‌ನದು ಓಡುವುದೇ ಇಲ್ಲ.

ಆದರೆ ಆ್ಯಕ್ಟಿವ್ ರೆಕಾರ್ಡ್‌ನಲ್ಲೂ ಸೇವ್() ಮೇಲೆ ಪೂರ್ತಿ ಭಾರ ಹಾಕಬೇಡಿ, ಅದು ಒಪ್ಪುತ್ತೇನೆ. ಜ್ಯಾಂಗೋದಲ್ಲಿ ಕ್ವೆರಿಸೆಟ್ ಮೇಲೆ ಅಪ್‌ಡೇಟ್() ಕರೆದರೆ ಮಾಡೆಲ್‌ನ ಸೇವ್() ಓಡುವುದಿಲ್ಲ, ಪ್ರೀ_ಸೇವ್, ಪೋಸ್ಟ್_ಸೇವ್ ಸಿಗ್ನಲ್‌ಗಳೂ ಹೋಗುವುದಿಲ್ಲ, ಆಟೋ_ನೌ ಕಾಲಂ ಕೂಡ ಹಳೆಯ ಸಮಯದಲ್ಲೇ ಉಳಿಯುತ್ತದೆ. ಬಲ್ಕ್_ಕ್ರಿಯೇಟ್ ಕಥೆಯೂ ಅಷ್ಟೇ, ಸೇವ್() ಇಲ್ಲ, ಸಿಗ್ನಲ್ ಇಲ್ಲ. ರೇಲ್ಸ್‌ನ ಅಪ್‌ಡೇಟ್_ಆಲ್ ಕಾಲ್‌ಬ್ಯಾಕ್‌ಗಳನ್ನು ದಾಟಿಕೊಂಡು ಹೋಗುತ್ತದೆ. ಡಾಟ್‌ನೆಟ್‌ನ ಇಎಫ್ ಕೋರ್ 7ರಲ್ಲಿ ಬಂದ ಎಕ್ಸಿಕ್ಯೂಟ್‌ಅಪ್‌ಡೇಟ್ ಕೂಡ ಸೇವ್‌ಚೇಂಜಸ್ ಕಡೆ ಸುಳಿಯುವುದಿಲ್ಲ.

ಜ್ಯಾಂಗೋದವರು ಯಾರಾದರೂ ಓದುತ್ತಿದ್ದರೆ: ಬೇಸ್‌ನ ಮೆಟಾ ಒಳಗೆ ಆ್ಯಬ್‌ಸ್ಟ್ರಾಕ್ಟ್ = ಟ್ರೂ ಬರೆಯುವುದು ಮರೆತರೆ ಅದು ಎರರ್ ಕೊಡುವುದಿಲ್ಲ. ಬೇಸ್‌ಗೇ ಒಂದು ಟೇಬಲ್ ಮಾಡಿ, ಪ್ರತಿ ಸಬ್‌ಕ್ಲಾಸ್‌ನಿಂದ ಅದಕ್ಕೆ ಒನ್‌ಟುಒನ್ ಕೊಂಡಿ ಹಾಕಿ, ಪ್ರತಿ ಕ್ವೆರಿಗೂ ಒಂದು ಜಾಯಿನ್ ಸೇರಿಸಿಬಿಡುತ್ತದೆ. ಮೈಗ್ರೇಷನ್ ಫೈಲ್ ಓದದೆ ಓಡಿಸುವ ಅಭ್ಯಾಸ ಇದ್ದರೆ ಇದು ಬಹಳ ದಿನ ಕಣ್ಣಿಗೆ ಬೀಳುವುದಿಲ್ಲ.

---

ಬೇಸ್‌ಮೆಂಟ್:

ಇಬ್ಬರಿಗೂ ಥ್ಯಾಂಕ್ಸ್. ಆಡಿಟ್ ಫ್ಲಶ್‌ಗೆ ಹೋಗಬೇಕು ಅನ್ನುವುದು ಅರ್ಥವಾಯಿತು. ಎರಡು ಅನುಮಾನ. ಬಲ್ಕ್ ಅಪ್‌ಡೇಟ್ ನಮ್ಮಲ್ಲೂ ಇದೆ, ರಾತ್ರಿ ಓಡುವ ಜಾಬ್‌ಗಳು ಅದನ್ನೇ ಬಳಸುತ್ತವೆ. ಅಪ್‌ಡೇಟೆಡ್_ಅಟ್ ಅಲ್ಲಿ ಹೇಗೆ ಸರಿಯಾಗಿ ಇಡುವುದು? ಮತ್ತೆ ತಂಡದವರಿಗೆ ಹುಕ್ ಬೇಕೇ ಬೇಕು ಅಂದರೆ? ಎಲ್ಲರಿಗೂ "ಹೋಗಿ ಈವೆಂಟ್ ಲಿಸನರ್ ಬರೆಯಿರಿ" ಅಂದರೆ ಯಾರೂ ಬರೆಯುವುದಿಲ್ಲ, ನನಗೆ ಗೊತ್ತು.

---

ಸಾಲುಕಂಬ:

ಅಪ್‌ಡೇಟೆಡ್_ಅಟ್ ಸುಲಭ. ಈಗ ಸೇವ್() ಒಳಗೆ ಕೈಯಾರೆ ಸಮಯ ಹಾಕುತ್ತಿದ್ದರೆ ಅದನ್ನು ತೆಗೆದು ಕಾಲಂಗೇ ಆನ್‌ಅಪ್‌ಡೇಟ್ ಕೊಡಿ. ಅದು ಅಪ್‌ಡೇಟ್ ಸ್ಟೇಟ್‌ಮೆಂಟ್ ತಯಾರಾಗುವಾಗಲೇ ಸೇರುತ್ತದೆ, ಹಾಗಾಗಿ ಒಂದೇ ಏಟಿಗೆ ಸಾವಿರ ಸಾಲು ಬದಲಿಸುವ ಅಪ್‌ಡೇಟ್‌ಗೂ ಕೆಲಸ ಮಾಡುತ್ತದೆ. ಯಾರೋ ಕಚ್ಚಾ ಎಸ್‌ಕ್ಯೂಎಲ್ ಬರೆದು ಕಳಿಸಿದರೆ ಮಾತ್ರ ಅದು ನಿಲ್ಲುವುದಿಲ್ಲ. ಅದನ್ನೂ ಹಿಡಿಯಬೇಕು ಅಂದರೆ ಡೇಟಾಬೇಸ್ ಒಳಗೇ ಓಡುವ ಟ್ರಿಗರ್ ಒಂದೇ ದಾರಿ. ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂ ಡೆಫಿನಿಷನ್‌ನಲ್ಲೇ ಆನ್ ಅಪ್‌ಡೇಟ್ ಕರೆಂಟ್_ಟೈಮ್‌ಸ್ಟ್ಯಾಂಪ್ ಅಂತ ಬರೆಯಬಹುದು, ಪೋಸ್ಟ್‌ಗ್ರೆಸ್‌ನಲ್ಲಿ ಆ ಸೌಕರ್ಯ ಇಲ್ಲ.

ಆಡಿಟ್ ಮಾತ್ರ ಬಲ್ಕ್‌ನಲ್ಲಿ ತಪ್ಪಿಯೇ ತಪ್ಪುತ್ತದೆ. ಹಳೆಯ ಬೆಲೆ ಏನಿತ್ತು ಅಂತ ಸೆಷನ್‌ಗೆ ಗೊತ್ತೇ ಇರುವುದಿಲ್ಲ, ಆ ಸಾಲುಗಳು ಪೈಥಾನ್ ಕಡೆ ಬಂದೇ ಇಲ್ಲವಲ್ಲ. ಡೂ_ಒಆರ್‌ಎಮ್_ಎಕ್ಸಿಕ್ಯೂಟ್ ಈವೆಂಟ್‌ನಲ್ಲಿ ಅಂಥ ಸ್ಟೇಟ್‌ಮೆಂಟ್ ಹಿಡಿದು, ಆಡಿಟೆಡ್ ಮಾಡೆಲ್ ಮೇಲೆ ಬಲ್ಕ್ ಅಪ್‌ಡೇಟ್ ಬಂದರೆ ಎರರ್ ಎಸೆಯುವುದು ಒಂದು ಉಪಾಯ. ಕಠಿಣ ಅನ್ನಿಸಬಹುದು. ಆದರೆ ಆಡಿಟ್ ಅರ್ಧ ಇರುವುದಕ್ಕಿಂತ ಜಾಬ್ ಬರೆದವರು ಬಂದು ಕೇಳುವುದು ವಾಸಿ.

ಹುಕ್ ವಿಷಯ. ಬೇಸ್‌ನಲ್ಲಿ ಖಾಲಿ ಬಿಫೋರ್_ಸೇವ್() ಇಟ್ಟು ಸಬ್‌ಕ್ಲಾಸ್ ತುಂಬಲಿ ಅನ್ನುವುದು ಎಲ್ಲರಿಗೂ ಮೊದಲು ಹೊಳೆಯುವುದು. ಮಿಕ್ಸಿನ್ ಬರುವವರೆಗೆ ಅದು ಚೆನ್ನಾಗಿಯೇ ಇರುತ್ತದೆ. ಎರಡು ಮಿಕ್ಸಿನ್ ಎರಡೂ ಬಿಫೋರ್_ಸೇವ್() ಬರೆದು, ಮೊದಲನೆಯದು ಸೂಪರ್ ಕರೆಯದಿದ್ದರೆ ಎರಡನೆಯದು ಮೂಕ. ನೀವು ಹೇಳಿದ ಕಾಯಿಲೆಯೇ ಮತ್ತೆ ಬಂತು.

ಇದಕ್ಕೆ ಪಿಎಚ್‌ಪಿ ಫ್ರೇಮ್‌ವರ್ಕ್ ಲಾರವೆಲ್‌ನ ಎಲೊಕ್ವೆಂಟ್‌ನಲ್ಲಿ ಒಳ್ಳೆಯ ಉಪಾಯ ಇದೆ. ಅಲ್ಲಿ ಪ್ರತಿ ಟ್ರೇಟ್ (ನಮ್ಮ ಮಿಕ್ಸಿನ್‌ನಂಥದು) ತನ್ನದೇ ಹೆಸರಿನ ಬೂಟ್ ಮೆಥಡ್ ಇಟ್ಟುಕೊಳ್ಳುತ್ತದೆ. ಸಾಫ್ಟ್‌ಡಿಲೀಟ್ಸ್ ಟ್ರೇಟ್‌ಗೆ ಬೂಟ್‌ಸಾಫ್ಟ್‌ಡಿಲೀಟ್ಸ್, ಹೀಗೆ. ಬೇಸ್ ಮಾಡೆಲ್ ತಾನೇ ಟ್ರೇಟ್‌ಗಳನ್ನೆಲ್ಲ ಹುಡುಕಿ ಒಂದೊಂದಾಗಿ ಕರೆಯುತ್ತದೆ. ಹೆಸರು ಡಿಕ್ಕಿ ಹೊಡೆಯುವುದಿಲ್ಲ, ಸೂಪರ್ ನೆನಪಿಡುವ ಕೆಲಸ ಇಲ್ಲ. ಪೈಥಾನ್‌ನಲ್ಲೂ ಇದನ್ನೇ ಮಾಡಬಹುದು: ನಿಮ್ಮ ಲಿಸನರ್ ಕ್ಲಾಸ್‌ನ ಎಮ್‌ಆರ್‌ಒ ಪಟ್ಟಿ (ಮೆಥಡ್ ಹುಡುಕುವ ಕ್ಲಾಸ್‌ಗಳ ಕ್ರಮ) ಹಿಡಿದು, ಪ್ರತಿ ಕ್ಲಾಸ್‌ನ ಸ್ವಂತ ಡಿಕ್ಟ್‌ನಲ್ಲಿ ಬಿಫೋರ್_ಸೇವ್ ಇದೆಯೇ ನೋಡಿ, ಇದ್ದರೆ ಕರೆಯಲಿ. ಗೆಟ್‌ಆಟ್ರ್ ಬಳಸಬೇಡಿ, ಅದು ಮೇಲಿನ ಕ್ಲಾಸ್‌ನ ಮೆಥಡ್ಡನ್ನೇ ಮತ್ತೆ ಮತ್ತೆ ಕೊಡುತ್ತದೆ, ಒಂದೇ ಹುಕ್ ನಾಲ್ಕು ಸಲ ಓಡುತ್ತದೆ. ಈ ಮೆಥಡ್ ಒಳಗೆ ಯಾರೂ ಸೂಪರ್ ಬರೆಯುವಂತಿಲ್ಲ ಅನ್ನುವುದನ್ನು ಮಾತ್ರ ಡಾಕ್‌ಸ್ಟ್ರಿಂಗ್‌ನಲ್ಲಿ ದಪ್ಪಗೆ ಬರೆದಿಡಿ. ತಂಡದವರಿಗೆ ಮಾಡೆಲ್‌ನಲ್ಲಿ ಒಂದು ಮೆಥಡ್ ಬರೆದಷ್ಟೇ ಕೆಲಸ. ಲಿಸನರ್ ಇದೆ ಅಂತಲೂ ಅವರಿಗೆ ಗೊತ್ತಾಗಬೇಕಿಲ್ಲ.

---

ಟ್ರಿಗರ್‌ಪ್ರಿಯ:

ಮೂರನೇ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಬರ್ತೀನಿ.

ಆರ್ಡರ್ ಮತ್ತು ಗ್ರಾಹಕ ಎರಡೂ ಬೇಸ್‌ನಿಂದ ಬರುತ್ತವೆ, ಆದರೆ "ಬೇಸ್‌ಗಳನ್ನೆಲ್ಲ ಕೊಡು" ಅಂತ ಯಾರೂ ಕ್ವೆರಿ ಮಾಡುವುದಿಲ್ಲ. ಅಲ್ಲಿ ಹಂಚಿಕೊಂಡಿರುವುದು ಕೋಡ್ ಮಾತ್ರ. ಪೇಮೆಂಟ್ ಹಾಗಲ್ಲ. "ಈ ಆರ್ಡರ್‌ಗೆ ಬಂದ ಪೇಮೆಂಟ್‌ಗಳನ್ನೆಲ್ಲ ಕೊಡು" ಅಂತ ಕೇಳ್ತೀರಿ, ಇನ್‌ವಾಯ್ಸ್‌ನಿಂದ ಪೇಮೆಂಟ್‌ಗೆ ಫಾರಿನ್ ಕೀ ಹಾಕ್ತೀರಿ. ಅಲ್ಲಿ ಹಂಚಿಕೊಂಡಿರುವುದು ಗುರುತು. ಜಾವಾದ ಹೈಬರ್ನೇಟ್ ಬಳಸುವವರಿಗೆ ಈ ವ್ಯತ್ಯಾಸ ಬೇಗ ಕಾಣುತ್ತದೆ, ಯಾಕೆಂದರೆ ಮೊದಲನೆಯದಕ್ಕೆ ಮ್ಯಾಪ್ಡ್‌ಸೂಪರ್‌ಕ್ಲಾಸ್, ಎರಡನೆಯದಕ್ಕೆ ಇನ್‌ಹೆರಿಟೆನ್ಸ್ ಅಂತ ಎರಡು ಬೇರೆ ಆನೊಟೇಷನ್ ಇವೆ. ಪೈಥಾನ್‌ನಲ್ಲಿ ಎರಡೂ ಬರೀ ಬ್ರ್ಯಾಕೆಟ್ ಒಳಗಿನ ಹೆಸರು, ಅದಕ್ಕೇ ಗೊಂದಲ.

ಗುರುತು ಹಂಚಿಕೊಳ್ಳುವುದಕ್ಕೆ ಮೂರು ದಾರಿ ಇವೆ. ಪ್ರತಿ ಸಬ್‌ಕ್ಲಾಸ್‌ಗೂ ಪೂರ್ತಿ ಬೇರೆ ಟೇಬಲ್ ಅನ್ನುವುದನ್ನು ಇಲ್ಲೇ ಬಿಡಿ. ಅಲ್ಲಿ ಪೇಮೆಂಟ್ ಅನ್ನುವ ಟೇಬಲ್ಲೇ ಇಲ್ಲದ ಮೇಲೆ ಇನ್‌ವಾಯ್ಸ್‌ನ ಫಾರಿನ್ ಕೀ ಎಲ್ಲಿಗೆ ಹೋಗಬೇಕು? ಎಲ್ಲ ಪೇಮೆಂಟ್ ಬೇಕು ಅಂದಾಗ ಯೂನಿಯನ್ ಬೇರೆ.

ಉಳಿದದ್ದು ಎಲ್ಲಕ್ಕೂ ಒಂದೇ ಟೇಬಲ್, ಅಥವಾ ಪೇಮೆಂಟ್‌ಗೆ ಒಂದು, ಪ್ರತಿ ಬಗೆಗೆ ಇನ್ನೊಂದು ಮಾಡಿ ಜಾಯಿನ್. ಒಂದೇ ಟೇಬಲ್ ಅಂದಾಗ ಜನ ಮೊದಲು ತೆಗೆಯುವ ತಕರಾರು "ಎಲ್ಲ ಕಾಲಂ ನಲ್ ಆಗಬೇಕಲ್ಲ" ಅಂತ. ಆಗಬೇಕು, ನಿಜ. ಆದರೆ ಚೆಕ್ ಕನ್‌ಸ್ಟ್ರೈಂಟ್ ಹಾಕಬಹುದು: ಬಗೆ ಕಾರ್ಡ್ ಅಲ್ಲದಿರಬೇಕು, ಇಲ್ಲವೇ ಕಾರ್ಡ್‌ನ ಕೊನೆಯ ನಾಲ್ಕು ಅಂಕಿ ನಲ್ ಆಗಿರಬಾರದು. ಇಷ್ಟು ಬರೆದರೆ ಡೇಟಾಬೇಸ್ ತಾನೇ ಕಾಯುತ್ತದೆ. ಬಗೆಗೊಂದು ಇಂಥ ಸಾಲು.

ಜಾಯಿನ್ ದಾರಿಯಲ್ಲಿ ಟೇಬಲ್ ನೋಡಲು ಚೆಂದ, ಕ್ವೆರಿಯಲ್ಲಿ ಒದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಪೇಮೆಂಟ್ ಕ್ವೆರಿ ಮಾಡಿದರೆ ಪೇಮೆಂಟ್ ಟೇಬಲ್‌ನ ಕಾಲಂ ಮಾತ್ರ ಬರುತ್ತವೆ. ಕಾರ್ಡ್ ಪೇಮೆಂಟ್‌ನ ಕಾಲಂ ಮುಟ್ಟಿದ ಕೂಡಲೇ ಆ ಒಂದು ಆಬ್ಜೆಕ್ಟ್‌ಗೆ ಅಂತ ಇನ್ನೊಂದು ಕ್ವೆರಿ ಹೋಗುತ್ತದೆ. ನೂರು ಪೇಮೆಂಟ್ ಪಟ್ಟಿ ಮಾಡುವ ಲೂಪ್‌ನಲ್ಲಿ ನೂರು ಕ್ವೆರಿ ಹೆಚ್ಚು. ಸೆಲೆಕ್ಟ್‌ಇನ್_ಪಾಲಿಮಾರ್ಫಿಕ್ ಹಾಕಿದರೆ ಬಗೆಗೆ ಒಂದರಂತೆ ಮುಗಿಯುತ್ತದೆ, ಆದರೆ ಹಾಕಬೇಕು ಅಂತ ಗೊತ್ತಿರಬೇಕಲ್ಲ. ನಿಮ್ಮ ಮೂರು ಬಗೆಗೆ ಹೆಚ್ಚೆಂದರೆ ತಲಾ ನಾಲ್ಕೈದು ಕಾಲಂ ಇರಬಹುದು. ನಾನಾಗಿದ್ದರೆ ಒಂದೇ ಟೇಬಲ್, ಮೇಲೆ ಚೆಕ್.

ಇನ್ನೊಂದು, ಕೇಳದಿದ್ದರೂ ಹೇಳ್ತೀನಿ. ಸಾಫ್ಟ್ ಡಿಲೀಟ್ ಮಿಕ್ಸಿನ್ ಬರೆದು ಸುಮ್ನೆ ಬಿಡಬೇಡಿ, ಯೂನೀಕ್ ಕನ್‌ಸ್ಟ್ರೈಂಟ್ ನೋಡಿ. ಬಳಕೆದಾರರ ಇಮೇಲ್ ಯೂನೀಕ್ ಅಂದುಕೊಳ್ಳಿ. ಡಿಲೀಟ್ ಆದವರು ಮತ್ತೆ ಸೇರಲು ಬಂದರೆ ಹಳೆಯ ಸಾಲು ಅಡ್ಡ ಬರುತ್ತದೆ. ಆಗ ಯಾರೋ ಇಮೇಲ್, ಡಿಲೀಟೆಡ್_ಅಟ್ ಎರಡನ್ನೂ ಸೇರಿಸಿ ಯೂನೀಕ್ ಮಾಡುತ್ತಾರೆ, ಟೆಸ್ಟ್ ಪಾಸ್ ಆಗುತ್ತದೆ, ಎಲ್ಲರೂ ಖುಷಿ. ಆದರೆ ಜೀವಂತ ಸಾಲುಗಳಲ್ಲಿ ಡಿಲೀಟೆಡ್_ಅಟ್ ನಲ್. ಒಂದು ನಲ್ ಇನ್ನೊಂದು ನಲ್‌ಗೆ ಸಮ ಅಲ್ಲ. ಹಾಗಾಗಿ ಒಂದೇ ಇಮೇಲ್‌ನ ಎರಡು ಜೀವಂತ ಸಾಲು ಆರಾಮಾಗಿ ಒಳಗೆ ಬರುತ್ತವೆ. ಅಂದರೆ ಕಾಯಬೇಕಾದ ಕಡೆಯೇ ಕಾವಲು ಹೋಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟೆಡ್_ಅಟ್ ನಲ್ ಇರುವ ಸಾಲುಗಳಿಗೆ ಮಾತ್ರ ಅನ್ವಯಿಸುವ ಪಾರ್ಷಿಯಲ್ ಯೂನೀಕ್ ಇಂಡೆಕ್ಸ್ ಹಾಕಿ. ಮೈಎಸ್‌ಕ್ಯೂಎಲ್‌ನಲ್ಲಿ ಪಾರ್ಷಿಯಲ್ ಇಂಡೆಕ್ಸ್ ಇಲ್ಲ. ಜೀವಂತ ಇದ್ದರೆ 1, ಇಲ್ಲದಿದ್ದರೆ ನಲ್ ಕೊಡುವ ಜನರೇಟೆಡ್ ಕಾಲಂ ಮಾಡಿ ಇಮೇಲ್ ಜೊತೆ ಅದನ್ನು ಯೂನೀಕ್ ಮಾಡಬೇಕು.

---

ನಲ್‌ಪಾಯಿಂಟರ್:

ಮೇಲಿನ ನಲ್ ವಿಷಯಕ್ಕೆ ನನ್ನ ಹೆಸರಿನಲ್ಲೇ ಒಂದು ಪ್ಲಸ್ ಒನ್ 🙂

---

ಕಮಿಟ್‌ರಾಣಿ:

ಟು_ಡಿಕ್ಟ್ ಬಗ್ಗೆ ಎಲ್ಲರೂ ಸುಮ್ಮನಿದ್ದೀರಿ. ನನಗೆ ಆ ಪಟ್ಟಿಯಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು ಅದೇ.

ಬೇಸ್‌ನ ಟು_ಡಿಕ್ಟ್ ಸಾಮಾನ್ಯವಾಗಿ "ಇರುವ ಕಾಲಂಗಳನ್ನೆಲ್ಲ ಸುತ್ತಿ ಡಿಕ್ಟ್‌ಗೆ ಹಾಕು" ಅಂತ ಇರುತ್ತದೆ. ನಾಳೆ ಯಾರೋ ಯೂಸರ್ ಟೇಬಲ್‌ಗೆ ಪಾಸ್‌ವರ್ಡ್_ಹ್ಯಾಶ್ ಸೇರಿಸುತ್ತಾರೆ, ಅದು ಆ ಕ್ಷಣವೇ ಎಪಿಐ ಉತ್ತರದಲ್ಲಿ ಹೊರಗೆ ಹೋಗುತ್ತದೆ. ಸೇರಿಸಿದವರು ಎಪಿಐ ಕೋಡ್ ಮುಟ್ಟಿಯೇ ಇಲ್ಲ, ರಿವ್ಯೂ ಮಾಡಿದವರಿಗೂ ಕಾಣುವುದಿಲ್ಲ. ಅದು ರಿಲೇಷನ್‌ಶಿಪ್‌ಗಳನ್ನೂ ಸುತ್ತುತ್ತಿದ್ದರೆ ಪ್ರತಿಯೊಂದೂ ಲೇಝಿ ಲೋಡ್ (ಮುಟ್ಟಿದಾಗ ಮಾತ್ರ ತರುವುದು) ಆಗಿ ಕ್ವೆರಿ ಸುರಿಮಳೆ. ಯಾವ ಕಾಲಂ ಹೊರಗೆ ಹೋಗಬೇಕು ಅನ್ನುವುದು ಆ ಎಪಿಐಯ ತೀರ್ಮಾನ, ಟೇಬಲ್‌ನದಲ್ಲ. ಬೇರೆ ಸೀರಿಯಲೈಜರ್ ಕ್ಲಾಸ್ ಮಾಡಿ, ಬೇಕಾದ ಹೆಸರುಗಳನ್ನು ಒಂದೊಂದಾಗಿ ಬರೆಯಿರಿ. ಬೇಸರದ ಕೆಲಸ, ಗೊತ್ತು.

ಹೆಸರಿನ ವಿಷಯ ಇನ್ನೊಂದು. ಬೇಸ್‌ನಲ್ಲಿ ಇಡುವ ಪ್ರತಿ ಮೆಥಡ್‌ನ ಹೆಸರೂ ಕಾಲಂ ಹೆಸರಾಗಲು ಯೋಗ್ಯವಾದ ಒಂದು ಪದವನ್ನು ಎಲ್ಲರಿಂದ ಕಿತ್ತುಕೊಳ್ಳುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಮೆಟಾಡೇಟಾ ಅನ್ನುವ ಹೆಸರಿನ ಕಾಲಂ ಆಟ್ರಿಬ್ಯೂಟ್ ಬರೆದರೆ ಅದು ಕಾಯ್ದಿರಿಸಿದ ಹೆಸರು ಅಂತ ನೇರವಾಗಿ ಬೈಯುತ್ತದೆ. ಆಟ್ರಿಬ್ಯೂಟ್‌ಗೆ ಬೇರೆ ಹೆಸರಿಟ್ಟು ಕಾಲಂಗೆ ಮಾತ್ರ ಆ ಹೆಸರು ಕೊಡಬೇಕು. ರೇಲ್ಸ್‌ನಲ್ಲಿ ಟೈಪ್ ಅನ್ನುವ ಕಾಲಂ ಇಟ್ಟರೆ ಅದು ಒಂದೇ ಟೇಬಲ್ ಇನ್‌ಹೆರಿಟೆನ್ಸ್ ಅಂತ ತಿಳಿದುಕೊಂಡು ಆ ಹೆಸರಿನ ಕ್ಲಾಸ್ ಹುಡುಕುತ್ತದೆ. ನಿಮ್ಮ ಬೇಸ್‌ನಲ್ಲಿ ಹಿಸ್ಟರಿ, ಓನರ್, ಸ್ಟೇಟ್ ಅಂತೆಲ್ಲ ಮೆಥಡ್ ಇದ್ದರೆ ಈಗಲೇ ಹೊರಗೆ ಹಾಕಿ.

ಟೆನೆಂಟ್ ಫಿಲ್ಟರ್ ಎಲ್ಲಿದೆ ಅಂತ ನೀವು ಹೇಳಲಿಲ್ಲ. ಪ್ರತಿ ಕ್ವೆರಿಯಲ್ಲಿ ಕೈಯಿಂದ ಬರೆಯುತ್ತಿದ್ದೀರಾ?

---

ಬೇಸ್‌ಮೆಂಟ್:

ಬೇಸ್‌ಮಾಡೆಲ್‌ನಲ್ಲಿ ಕ್ವೆರಿ() ಅನ್ನುವ ಕ್ಲಾಸ್ ಮೆಥಡ್ ಇದೆ, ಅದು ಟೆನೆಂಟ್ ಷರತ್ತು ಸೇರಿಸಿ ಕೊಡುತ್ತದೆ. ಯಾರಾದರೂ ನೇರವಾಗಿ ಸೆಲೆಕ್ಟ್ ಬರೆದರೆ ಸೇರುವುದಿಲ್ಲ.

---

ಕಮಿಟ್‌ರಾಣಿ:

ಅದೇ ಅಂದುಕೊಂಡೆ. ಟೆನೆಂಟೆಡ್ ಮಿಕ್ಸಿನ್ ಆದ ಮೇಲೆ ಡೂ_ಒಆರ್‌ಎಮ್_ಎಕ್ಸಿಕ್ಯೂಟ್ ಈವೆಂಟ್‌ನಲ್ಲಿ ವಿತ್_ಲೋಡರ್_ಕ್ರೈಟೀರಿಯಾ ಹಾಕಿ. ಗುರಿಯಾಗಿ ಮಿಕ್ಸಿನ್ ಕ್ಲಾಸನ್ನೇ ಕೊಡಬಹುದು, ಅದರಿಂದ ಬಂದ ಎಲ್ಲ ಮಾಡೆಲ್‌ಗೂ, ಲೇಝಿ ಲೋಡ್ ಆಗುವ ರಿಲೇಷನ್‌ಶಿಪ್‌ಗೂ ಷರತ್ತು ಸೇರುತ್ತದೆ. ಆದರೂ ಸೆಷನ್.ಗೆಟ್() ಕರೆದಾಗ ಆ ಆಬ್ಜೆಕ್ಟ್ ಆಗಲೇ ಸೆಷನ್‌ನಲ್ಲಿ ಇದ್ದರೆ ಕ್ವೆರಿಯೇ ಹೋಗುವುದಿಲ್ಲ, ಫಿಲ್ಟರ್‌ಗೂ ಕೆಲಸ ಇಲ್ಲ. ರಿಕ್ವೆಸ್ಟ್‌ಗೆ ಒಂದು ಸೆಷನ್ ಇಟ್ಟರೆ ಇದು ಕಾಡುವುದಿಲ್ಲ, ಹಲವು ಟೆನೆಂಟ್‌ಗಳ ಮೇಲೆ ಸುತ್ತುವ ರಾತ್ರಿ ಜಾಬ್‌ನಲ್ಲಿ ಕಾಡುತ್ತದೆ.

ಗ್ರಾಹಕರ ಡೇಟಾ ಬೆರೆಯಲೇಬಾರದು ಅಂದರೆ ಪೋಸ್ಟ್‌ಗ್ರೆಸ್‌ನ ರೋ ಲೆವೆಲ್ ಸೆಕ್ಯೂರಿಟಿಯನ್ನೂ (ಯಾರಿಗೆ ಯಾವ ಸಾಲು ಕಾಣಬೇಕು ಅನ್ನುವ ಪಾಲಿಸಿ) ಕೆಳಗೆ ಇಡಿ. 9.5ರಿಂದ ಇದೆ. ಟೇಬಲ್‌ನ ಓನರ್ ಆಗಿರುವ ಯೂಸರ್‌ಗೆ ಆ ಪಾಲಿಸಿ ಅನ್ವಯಿಸುವುದಿಲ್ಲ ಅನ್ನುವುದು ಗೊತ್ತಿರಲಿ. ಮೈಗ್ರೇಷನ್ ಓಡಿಸುವ ಯೂಸರ್‌ನಿಂದಲೇ ಆ್ಯಪ್ ಕೂಡ ಕನೆಕ್ಟ್ ಆಗುತ್ತಿದ್ದರೆ ಪಾಲಿಸಿ ಇದ್ದೂ ಇಲ್ಲದಂತೆ. ಬೇರೆ ಯೂಸರ್ ಮಾಡಿ, ಇಲ್ಲವೇ ಫೋರ್ಸ್ ಹಾಕಿ. ಟೆನೆಂಟ್ ಯಾರು ಅನ್ನುವುದನ್ನು ಸೆಟ್ ಲೋಕಲ್‌ನಿಂದ ಟ್ರಾನ್ಸಾಕ್ಷನ್ ಒಳಗೇ ಇಡಿ. ಬರೀ ಸೆಟ್ ಅಂದರೆ ಕನೆಕ್ಷನ್ ಪೂಲ್‌ಗೆ ವಾಪಸ್ ಹೋದ ಮೇಲೂ ಹಿಂದಿನವರ ಟೆನೆಂಟ್ ಅದರಲ್ಲೇ ಉಳಿದಿರಬಹುದು.

---

ಬೇಸ್‌ಮೆಂಟ್:

ಇಷ್ಟೆಲ್ಲ ಒಟ್ಟಿಗೆ ಮಾಡಿದರೆ ತಂಡದವರು ನನ್ನನ್ನು ಓಡಿಸುತ್ತಾರೆ. ಎಲ್ಲ ಮಾಡೆಲ್‌ಗಳೂ ಈಗ ಬೇಸ್‌ಮಾಡೆಲ್ ಅಂತಲೇ ಬರೆದುಕೊಂಡಿವೆ. ಒಂದೇ ದಿನದಲ್ಲಿ ಬದಲಿಸದೆ ಹೇಗೆ ಹೋಗುವುದು?

---

ಸಾಲುಕಂಬ:

ಬೇಸ್‌ಮಾಡೆಲ್ ಹೆಸರು ಅಲ್ಲೇ ಇರಲಿ, ಹೊಟ್ಟೆ ಮಾತ್ರ ಖಾಲಿ ಮಾಡಿ. ಅದರೊಳಗಿನ ಕಾಲಂಗಳನ್ನು ಮಿಕ್ಸಿನ್‌ಗಳಿಗೆ ಸಾಗಿಸಿ, ಬೇಸ್‌ಮಾಡೆಲ್ ಆ ಮಿಕ್ಸಿನ್‌ಗಳನ್ನೆಲ್ಲ ಸೇರಿಸಿಕೊಂಡ, ಆ್ಯಬ್‌ಸ್ಟ್ರಾಕ್ಟ್ ಗುರುತು ಹಾಕಿದ ಕ್ಲಾಸ್ ಆಗಲಿ. ಹಳೆಯ ಮಾಡೆಲ್‌ಗಳ ಒಂದು ಅಕ್ಷರವೂ ಬದಲಾಗಬೇಕಿಲ್ಲ. ಆಮೇಲೆ ಎಸ್‌ಕ್ಯೂಎಲ್‌ಆಲ್ಕೆಮಿಯ ಮೈಗ್ರೇಷನ್ ಸಾಧನವಾದ ಅಲೆಂಬಿಕ್‌ನ ಚೆಕ್ ಕಮಾಂಡ್ ಓಡಿಸಿ, ಅದು ಮಾಡೆಲ್ ಮತ್ತು ಡೇಟಾಬೇಸ್ ಹೋಲಿಸುತ್ತದೆ. ಕಾಲಂಗಳ ಕ್ರಮ ಬದಲಾದರೂ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಬೇರೆ ಏನಾದರೂ ವ್ಯತ್ಯಾಸ ತೋರಿಸಿದರೆ ಸಾಗಿಸುವಾಗ ಎಲ್ಲೋ ಒಂದು ನಲೆಬಲ್‌ನಂಥದ್ದು ಉದುರಿದೆ ಅಂತ ಅರ್ಥ. ನೇಮಿಂಗ್ ಕನ್ವೆನ್ಷನ್ ಮಾತ್ರ ಇದೇ ಹೆಜ್ಜೆಯಲ್ಲಿ ಸೇರಿಸಬೇಡಿ, ಯೂನೀಕ್, ಇಂಡೆಕ್ಸ್‌ಗಳ ಹೆಸರು ಬದಲಾಗಿ ವ್ಯತ್ಯಾಸಗಳ ಉದ್ದ ಪಟ್ಟಿ ಬಂದು ನಿಜವಾದದ್ದು ಅದರಲ್ಲಿ ಮುಳುಗುತ್ತದೆ. ಅದಕ್ಕೆ ಆಮೇಲೆ ಬೇರೆ ಮೈಗ್ರೇಷನ್.

ನಂತರ ಹೊಸ ಮಾಡೆಲ್‌ಗಳು ನೇರ ಬೇಸ್ ಮತ್ತು ಬೇಕಾದ ಮಿಕ್ಸಿನ್‌ನಿಂದ ಬರಲಿ. ಹಳೆಯವನ್ನು ಅವುಗಳಲ್ಲಿ ಬೇರೆ ಕೆಲಸ ಬಂದಾಗ ಒಂದೊಂದೇ ಸರಿಸಿ. ನೋ_ಟೆನೆಂಟ್ ಇರುವ ಲುಕಪ್ ಟೇಬಲ್‌ಗಳಿಂದ ಶುರು ಮಾಡಿ, ಅವು ಚಿಕ್ಕವು, ಕಾಲಂ ತೆಗೆದರೂ ಯಾರಿಗೂ ನೋವಾಗುವುದಿಲ್ಲ.

ಹೊಸ ಮಾಡೆಲ್ ಬರೆದವರು ಟೆನೆಂಟೆಡ್ ಹಾಕುವುದನ್ನೇ ಮರೆತರೆ ಅನ್ನುವ ಭಯ ಇರುತ್ತದೆ, ಅದಕ್ಕೆ ಒಂದು ಟೆಸ್ಟ್ ಬರೆದಿಡಿ: ಬೇಸ್‌ನ ರಿಜಿಸ್ಟ್ರಿಯಲ್ಲಿ ಇರು‌ವ ಮ್ಯಾಪರ್‌ಗಳನ್ನೆಲ್ಲ ಸುತ್ತಿ, ಟೆನೆಂಟೆಡ್ ಅಲ್ಲದ ಕ್ಲಾಸ್ ಸಿಕ್ಕರೆ ಅದರ ಹೆಸರು ಒಂದು ಚಿಕ್ಕ ಅನುಮತಿ ಪಟ್ಟಿಯಲ್ಲಿ ಇದೆಯೇ ನೋಡಬೇಕು. ಇಲ್ಲದಿದ್ದರೆ ಟೆಸ್ಟ್ ಬೀಳಬೇಕು. ಪಟ್ಟಿಗೆ ಹೆಸರು ಸೇರಿಸಲು ಬಂದವರನ್ನು ರಿವ್ಯೂನಲ್ಲಿ "ಯಾಕೆ?" ಅಂತ ಕೇಳಬಹುದು.